ಬೆಟ್ಟ ಹತ್ತಿದೋರು, ಬೆಟ್ಟ ಇಳಿದೋರು

ಶುಕ್ರವಾರ ಮಧ್ಯಾಹ್ನ ಆಯ್ತು ಅಂದ್ರೆ ತರೀಕೆರೆಯ ಬಿ.ಎಚ್. ರಸ್ತೆ ತುಂಬ ಬೆಂಗಳೂರಿನ ಕಾರುಗಳು. ಕೆಲವು ಕಾರಿನ ನೆತ್ತಿ ಮೇಲೆ ಸೈಕಲ್ಲು, ಕೆಲವಕ್ಕೆ ಬೇರೆ ರಾಜ್ಯದ ನಂಬರು. ಮೊದಲೆಲ್ಲ ಇವು ಲಿಂಗದಹಳ್ಳಿ ದಾರಿ ಹಿಡಿದು ಕೆಮ್ಮಣ್ಣುಗುಂಡಿ ನೋಡ್ಕೊಂಡು ಭಾನುವಾರ ಸಂಜೆಗೆ ವಾಪಸ್ ಹೋಗ್ತಿದ್ವು. 2020ರ ಮಾರ್ಚಲ್ಲಿ ಲಾಕ್‌ಡೌನ್ ಬಂದ ಮೇಲೆ ಲೆಕ್ಕ ಬದಲಾಯ್ತು. ಬಂದೋರು ವಾರ ಇರ್ತಾರೆ, ತಿಂಗಳು ಇರ್ತಾರೆ. ಬೆಳಿಗ್ಗೆ ಜಲಪಾತ ನೋಡ್ತಾರೆ, ಹತ್ತು ಗಂಟೆಗೆ ಲ್ಯಾಪ್‌ಟಾಪ್ ತೆಗೆದು ಆಫೀಸಿಗೆ ಕೂತ್ಕೋತಾರೆ. ಹೋಂಸ್ಟೇ ಬೋರ್ಡಿನಲ್ಲಿ ಮೊದಲು "ಬಿಸಿನೀರು ಇದೆ" ಅಂತ ಬರೆಸ್ತಿದ್ರು, ಈಗ "ವೈಫೈ ಇದೆ" ಅಂತ ಬರೆಸ್ತಾರೆ.

ನಮ್ಮ ಬೀದಿ ಹಿರೀಕರು ಇದನ್ನ ನೋಡಿ, "ಎಂಥ ಕಾಲ ಬಂತಪ್ಪಾ, ಕಾಡೊಳಗೆ ಕೂತು ಸಂಬಳ ಎಣಿಸ್ತಾರಂತೆ" ಅಂತ ನಗ್ತಾರೆ. ಆದ್ರೆ ನೋಡಿ, ಕೆಲಸಕ್ಕೇ ಅಂತ ದೂರದಿಂದ ಬಂದು ಬೆಟ್ಟದ ಮೇಲೆ ತಿಂಗಳುಗಟ್ಟಲೆ ಇರೋದು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗೆ ಹೊಸದಲ್ಲ. ಇನ್ನೂರು, ಮುನ್ನೂರು ವರ್ಷದಿಂದ ಇಲ್ಲಿ ಯಾರೋ ಹತ್ತುತ್ತಾನೇ ಇದ್ದಾರೆ, ಯಾರೋ ಇಳೀತಾನೇ ಇದ್ದಾರೆ. ಯಾರು ಯಾಕೆ ಹತ್ತಿದ್ರು, ಅವರಿಗೆ ಒಲೆ ಹಚ್ಚಿದೋರು ಯಾರು, ಅದನ್ನ ಒಂದು ಸಲ ಸಾಲಾಗಿ ಜೋಡಿಸಿ ನೋಡೋಣ ಅನ್ನಿಸಿತು. ಅದಕ್ಕೆ ನಮ್ಮ ಮನೇಲೇ ಒಂದು ಕಾರಣ ಇದೆ, ಕೊನೆಗೆ ಹೇಳ್ತೀನಿ.

ಮೊದಲು ಬೆಟ್ಟದ ವಿಚಾರ. ಬಾಬಾಬುಡನ್‌ಗಿರಿ ಸಾಲು ಮೇಲಿಂದ ನೋಡಿದ್ರೆ ಕುದುರೆ ಲಾಳದ ಥರ ಬಾಗಿದೆ. ಅರ್ಧಚಂದ್ರನ ಆಕಾರ, ಅದಕ್ಕೇ ಚಂದ್ರದ್ರೋಣ ಪರ್ವತ ಅನ್ನೋದು. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್, ಈ ಸಾಲಿನದೇ. ನಮ್ಮ ತರೀಕೆರೆ ಮಗ್ಗುಲಿಗೆ ಕೆಮ್ಮಣ್ಣುಗುಂಡಿ, 1,434 ಮೀಟರ್. ಮಳೆಯೆಲ್ಲ ಬೆಟ್ಟದ ಮೇಲೂ ಅದರಾಚೆಗೂ ಸುರಿದು ಖಾಲಿಯಾಗಿ, ಈಚೆ ಕಡೂರಿಗೆ ಬರೋ ಹೊತ್ತಿಗೆ ಮೋಡ ಬರಿಗೈ. ಆದ್ರೂ ಬೆಟ್ಟ ನಮ್ಮನ್ನ ಪೂರ್ತಿ ಮರೆತಿಲ್ಲ. ಪೂರ್ವದ ಇಳಿಜಾರಲ್ಲಿ ಹುಟ್ಟೋ ವೇದಾ ಸಖರಾಯಪಟ್ಟಣದ ಅಯ್ಯನಕೆರೆ ತುಂಬಿಸಿ ಬರುತ್ತೆ, ಅವತಿ ಮದಗದಕೆರೆ ತುಂಬಿಸಿ ಬರುತ್ತೆ. ಎರಡೂ ಕಡೂರಿನ ಹತ್ತಿರ ಸೇರಿ ವೇದಾವತಿ ಆಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತೆ. ಕಡೂರಿನೋರ ಕೊಡಕ್ಕೆ ನೀರು ಬರಬೇಕು ಅಂದ್ರೆ ಬೆಟ್ಟದ ಮೇಲೆ ಕಾಡು ಇರಬೇಕು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ದೂರದಿಂದ ಬಂದು ಬೆಟ್ಟದಲ್ಲಿ ನೆಲೆ ನಿಂತೋರಲ್ಲಿ ಹೆಸರು ಉಳಿಸಿಕೊಂಡೋರು ಬಾಬಾ ಬುಡನ್. 17ನೇ ಶತಮಾನದಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮನ್ ಕಡೆಯಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದ್ರು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಸಮುದ್ರ ದಾಟಿ, ಘಟ್ಟ ಹತ್ತಿ ಬಂದ ಪ್ರಯಾಣ ಅದು. ನಾವು ಬೆಳಿಗ್ಗೆ ಎದ್ದು ಡಿಕಾಕ್ಷನ್ ಹಾಕ್ತೀವಲ್ಲ, ಅದರ ಬೇರು ಅಲ್ಲಿದೆ.

ಇನ್ನು ಅಜ್ಜಂಪುರದೋರ ಹೆಮ್ಮೆ ಅಮೃತಮಹಲ್. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದ್ರೆ 1672ರಿಂದ 1704ರ ನಡುವೆ, ಅರಮನೆಗೆ ಹಾಲು ಬೆಣ್ಣೆ ಒದಗಿಸೋಕೆ ಬೆಣ್ಣೆ ಚಾವಡಿ ಅಂತ ಒಂದು ಇಲಾಖೆ ಇತ್ತು. ಹೈದರಾಲಿ ಈ ಎತ್ತುಗಳನ್ನ ಫಿರಂಗಿ ಎಳೆಯೋಕೆ ಬಳಸಿಕೊಂಡ. ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಈ ದನಗಳ ಬೆಲೆ ಅರಿತ್ಕೊಂಡ್ರು. ಪೇಶ್ವೆ ಎರಡನೇ ಬಾಜಿರಾಯನ್ನ ಅಟ್ಟಿಸಿಕೊಂಡು ಹೋದಾಗ ಜನರಲ್ ಪ್ರಿಟ್ಜ್ಲರನ ಪಡೆ ಈ ಎತ್ತುಗಳ ಬಲದಲ್ಲಿ 25 ದಿನಕ್ಕೆ 346 ಮೈಲಿ ನಡೆಯಿತು ಅಂತ ಹಳೆ ಗೆಜೆಟಿಯರ್‌ಗಳಲ್ಲಿದೆ. ಕಿಲೋಮೀಟರಿಗೆ ಹಾಕಿದ್ರೆ ಸುಮಾರು 557. ದಿನಕ್ಕೆ 22 ಕಿಲೋಮೀಟರ್, ಅದೂ ಯುದ್ಧದ ಸರಂಜಾಮು ಎಳ್ಕೊಂಡು.

ನನಗೆ ಯುದ್ಧಕ್ಕಿಂತ ರುಚಿ ಅನ್ನಿಸೋದು ಆ ದನಗಳನ್ನ ಸಾಕ್ತಿದ್ದ ರೀತಿ. ಕೊಟ್ಟಿಗೆ ಇಲ್ಲ, ಗೊಂತು ಇಲ್ಲ. ಹುಲ್ಲುಗಾವಲಿಗೆ ಕಾವಲು ಅಂತಿದ್ರು. ಕಾವಲಲ್ಲಿ ಮೂರು ಥರ: ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಿಗೆಯದರಲ್ಲಿ ಮರದ ನೆರಳು ಇರಬೇಕು, ಕೆರೆ ಅಂಗಳದಲ್ಲಿ ನೀರೋ ಹಸಿರೋ ಇರಬೇಕು. ಮಳೆ ಬಿದ್ದು ಹುಲ್ಲು ಚಿಗುರಿದ ಕಡೆ ಮಳೆಗಾಲಕ್ಕೆ. ಹಿಂಡು ಎಲ್ಲಿಗೆ ಹೋಗುತ್ತೋ ಕಾಯೋ ಮನುಷ್ಯನ ಆಫೀಸು ಅಲ್ಲಿಗೆ. ಕಂಬಳಿ, ಕೋಲು, ಬುತ್ತಿ. ವರ್ಷದಲ್ಲಿ ಎಷ್ಟು ತಿಂಗಳು ಮನೆ ಕಂಡಾನು? ಮನೇಲಿ ಇದ್ದ ಹೆಂಗಸು ಬೀಸಿ, ಹುರಿಹಿಟ್ಟು ಮಾಡಿ, ಒಣಮೆಣಸಿನಕಾಯಿ ಉಪ್ಪು ಕಟ್ಟಿ ಕಳಿಸ್ತಿದ್ದಳು. ಸರ್ಕಾರದ ದಫ್ತರದಲ್ಲಿ ದನದ ಲೆಕ್ಕ ಇರುತ್ತೆ, ಕಾಯೋನ ಲೆಕ್ಕ ಇರುತ್ತೆ. ಬುತ್ತಿ ಕಟ್ಟಿದೋಳ ಲೆಕ್ಕ ಇಡೋಕೆ ಯಾವ ಕಾಲಂ ಕೂಡ ಇರಲಿಲ್ಲ.

1860ರಲ್ಲಿ ಖರ್ಚು ಜಾಸ್ತಿ ಅಂತ ಸರ್ಕಾರ ಈ ಹಿಂಡುಗಳನ್ನ ಮಾರಿಬಿಟ್ಟಿತು. ಮಾರಿದ ಮೇಲೆ ಎತ್ತು ಸಿಗದೆ ಒದ್ದಾಡಿ 1866ರಲ್ಲಿ ಮತ್ತೆ ಶುರು ಮಾಡಿದ್ರು. ನಮ್ಮ ಹೆಂಗಸರು ಕಷ್ಟಕಾಲದಲ್ಲೂ ಬೀಜದ ಕಾಳು ಮುಟ್ಟಲ್ಲ, ಆ ಬುದ್ಧಿ ಸರ್ಕಾರಕ್ಕೆ ಬರೋಕೆ ಆರು ವರ್ಷ ಬೇಕಾಯ್ತು. ಇವತ್ತು ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಆ ತಳಿ ಉಳಿದಿದೆ. ಕಡೂರಿನ ಬಾಸೂರು ಕಾವಲಲ್ಲಿ ಕೃಷ್ಣಮೃಗ ಓಡಾಡ್ತವೆ. ಆದ್ರೆ ಹಿಂಡಿನ ಜೊತೆ ನಡ್ಕೊಂಡು ಹೋಗೋ ಆ ಪಯಣ ನಿಂತುಹೋಯ್ತು.

ಬೆಟ್ಟದ ಸೆಳೆತ ಎಷ್ಟು ಅಂದ್ರೆ ಜಿಲ್ಲೆಯ ಕಚೇರಿಯೇ ಅತ್ತ ಕಡೆ ಹೋಗಿದೆ! 1863ರಲ್ಲಿ ಕಡೂರು ಜಿಲ್ಲೆ ಆಯ್ತು, ಕಡೂರೇ ಮುಖ್ಯಸ್ಥಳ. ಎರಡೇ ವರ್ಷಕ್ಕೆ, 1865ರಲ್ಲಿ, ಕಚೇರಿ ಬೆಟ್ಟದ ಬುಡದ ಚಿಕ್ಕಮಗಳೂರಿಗೆ ಹೋಯ್ತು. ಜಿಲ್ಲೆ ಹೆಸರು ಮಾತ್ರ 1947ರ ತನಕ ಕಡೂರು ಅಂತಲೇ ಉಳೀತು. ಹೆಸರು ತವರುಮನೇದು, ಸಂಸಾರ ಇನ್ನೊಂದು ಊರಲ್ಲಿ. ಅದಕ್ಕೆ ಬದಲಾಗಿ ಕಡೂರಿಗೆ ರೈಲಿನ ಭಾಗ್ಯ ಬೇಗ ಬಂತು. ಪೂನಾ ಕಡೆಗೆ ಹೋಗೋ ದಾರಿ ಕಡೂರು, ಬೀರೂರು, ಅಜ್ಜಂಪುರ ಹಾದು ಹೋಯ್ತು. ಬೀರೂರಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ 1899ರಲ್ಲಿ ಹಳಿ ಬಂತು. ಚಿಕ್ಕಮಗಳೂರಿಗೆ ಕಡೂರಿಂದ ರೈಲು ಹೋಗೋಕೆ 2013 ಆಗಬೇಕಾಯ್ತು.

ರೈಲು ಬರೋಕೆ ಮುಂಚೆಯೇ ಕಾಫಿ ತೋಟಗಳು ಎದ್ದಿದ್ದವು. 19ನೇ ಶತಮಾನದ ಮೊದಲ ಭಾಗದಲ್ಲೇ ಕ್ಯಾನನ್ ಅನ್ನೋ ದೊರೆ ಬಾಬಾಬುಡನ್‌ಗಿರಿಯ ದಕ್ಷಿಣಕ್ಕೆ ತೋಟ ಮಾಡಿದ, ಅವನ ಹಿಂದೆ ಇನ್ನಷ್ಟು ಜನ ಬಂದ್ರು. ದೊರೆಗಳ ಬಂಗಲೆ, ಕುದುರೆ, ಬೇಟೆ ಇದೆಲ್ಲ ಪುಸ್ತಕದಲ್ಲಿ ಬೇಕಾದಷ್ಟಿದೆ. ನಮ್ಮ ಬಯಲುಸೀಮೆಯೋರ ಬಾಯಲ್ಲಿ ಇರೋ ಮಾತು ಬೇರೆ: "ಘಟ್ಟಕ್ಕೆ ಹೋಗೋದು." ಹಿಂಗಾರು ಕೈಕೊಟ್ಟು ರಾಗಿ ಜೋಳ ಒಣಗಿದ ವರ್ಷ, ಮೇಸ್ತ್ರಿ ಬಂದು ಮುಂಗಡ ಕೊಡ್ತಿದ್ದ. ಗಂಡ, ಹೆಂಡ್ತಿ, ಮಕ್ಕಳು, ಚಾಪೆ, ಮಡಕೆ, ಎಲ್ಲ ಕಟ್ಕೊಂಡು ಕಾಫಿ ಕೊಯ್ಲಿಗೆ ನವೆಂಬರ್ ಹೊತ್ತಿಗೆ ಹತ್ತಿದ್ರೆ ಇಳಿಯೋದು ಶಿವರಾತ್ರಿ ಆಸುಪಾಸು. ಇರೋಕೆ ಲೈನ್ ಮನೆ, ಒಂದು ಕೋಣೆ, ಒಂದು ಒಲೆ. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದ ಗಿಡದ ಮಧ್ಯೆ ನಿಂತು ಹಣ್ಣು ಬಿಡಿಸಬೇಕು. ಸಂಜೆ ರೈಟರ್ ಮುಂದೆ ಅಳತೆ ಕೊಡಬೇಕು. ಆಮೇಲೆ ಗಂಡಸರಿಗೆ ಬೀಡಿ ಹೊತ್ತು, ಹೆಂಗಸರಿಗೆ ಸೌದೆ ಆರಿಸೋ ಹೊತ್ತು.

ಇದೇ ಅಲ್ವೇ ನಿಜವಾದ ಬೆಟ್ಟದ ವಾಸದ ಕೆಲಸ? ಲೈನ್ ಮನೆಯೋರಿಗೆ ವಸತಿ, ಕುಡಿಯೋ ನೀರು, ಔಷಧಿ, ಹೆಂಗಸರು ಹೆಚ್ಚಿಗೆ ಇರೋ ತೋಟದಲ್ಲಿ ಕೂಸುಗಳನ್ನ ನೋಡ್ಕೊಳ್ಳೋಕೆ ಜಾಗ, ಇವೆಲ್ಲ ಮಾಲೀಕರ ಜವಾಬ್ದಾರಿ ಅಂತ ದೇಶದ ಕಾನೂನು ಹೇಳಿದ್ದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲಿ. ಅಲ್ಲಿಗೆ ತೋಟಗಳು ಎದ್ದು ನೂರು ವರ್ಷದ ಮೇಲಾಗಿತ್ತು. ಅಷ್ಟು ವರ್ಷ ಕೂಸಿನ ಜೋಳಿಗೆಯನ್ನ ಕಾಫಿ ತೋಟದ ನೆರಳು ಮರಕ್ಕೆ ಕಟ್ಟಿ ತಾಯಂದಿರು ಹಣ್ಣು ಬಿಡಿಸಿದ್ರು.

ಇನ್ನೊಂದು ಭಯ ಇತ್ತು, ಅದು ಜ್ವರ. ಮಲೆನಾಡು ಅಂದ್ರೆ ಮಲೇರಿಯಾ. ನಮ್ಮ ಅಜ್ಜಿ "ಮಲೆನಾಡಿಗೆ ಹೆಣ್ಣು ಕೊಟ್ರೆ ಹೆಣ್ಣೂ ಇಲ್ಲ, ಹೊನ್ನೂ ಇಲ್ಲ" ಅಂತಿದ್ರು. ಜ್ವರ ಬಂದು ಬಂದು ಹೊಟ್ಟೆಯ ಎಡಗಡೆ ಗಟ್ಟಿಯಾಗಿ ಊದಿಕೊಳ್ತಿತ್ತು, ಅದಕ್ಕೆ ಜ್ವರಗೆಡ್ಡೆ ಅಂತಿದ್ರು. ಮಕ್ಕಳ ಹೊಟ್ಟೆ ಮುಟ್ಟಿ ನೋಡಿದ್ರೇ ಯಾವ ಊರಿನ ಕೂಸು ಅಂತ ಹೇಳಬಹುದಿತ್ತಂತೆ. ಸರ್ಕಾರಿ ನೌಕರರಿಗೆ ಮಲೆನಾಡಿಗೆ ವರ್ಗ ಆಯ್ತು ಅಂದ್ರೆ ಮನೇಲಿ ಅಳು. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಜೊತೆ ಸೇರಿ ಮೂಡಿಗೆರೆ, ಹಿರಿಯೂರು ಮುಂತಾದ ಕಡೆ ಮಲೇರಿಯಾ ತಡೆಯೋ ಪ್ರಯೋಗ ನಡೆಸಿತು. ಕ್ವಿನೈನ್ ಮಾತ್ರೆ ಬಂತು, ಆಮೇಲೆ ಡಿಡಿಟಿ ಬಂತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆಮನೆಗೆ ಔಷಧಿ ಹೊಡೆದ್ರು. ಇವತ್ತು "ಬೆಟ್ಟದ ಗಾಳಿ ಆರೋಗ್ಯಕ್ಕೆ ಒಳ್ಳೇದು" ಅಂತೀವಲ್ಲ, ಆ ಮಾತು ಆಡೋ ಹಾಗೆ ಆಗಿದ್ದು ಗೋಡೆಗೆ ಔಷಧಿ ಹೊಡೆದೋರ ಕೈಯಿಂದ.

ಈಗ ಕೆಮ್ಮಣ್ಣುಗುಂಡಿಗೆ ಬರೋಣ. ಹೆಸರಲ್ಲೇ ಎಲ್ಲ ಇದೆ: ಕೆಂಪು ಮಣ್ಣಿನ ಗುಂಡಿ. ಆ ಕೆಂಪು ಕಬ್ಬಿಣದ ಅದಿರಿನದು. 1912ರಿಂದ 1918ರ ತನಕ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಹಾಕಿದ ಯೋಜನೆಯಂತೆ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಆಯ್ತು. 1923ರಲ್ಲಿ ಅಲ್ಲಿ ಕಬ್ಬಿಣ ಹರಿಯೋಕೆ ಶುರು. ಅದಿರು ಇಲ್ಲಿಂದ ಹೋಗ್ತಿತ್ತು. ಕಲ್ಲಿದ್ದಲು ನಮ್ಮ ಸೀಮೇಲಿ ಇಲ್ಲ, ಹಾಗಾಗಿ ಕಾಡಿನ ಮರ ಸುಟ್ಟ ಇದ್ದಿಲೇ ಕುಲುಮೆಗೆ ಸೌದೆ. ಬೆಟ್ಟದ ಮೇಲೆ ಅಗೆದ ಅದಿರನ್ನ ತಂತಿ ಹಗ್ಗದ ತೊಟ್ಟಿಲಲ್ಲಿ, ಅಂದ್ರೆ ರೋಪ್‌ವೇಯಲ್ಲಿ, ಕೆಳಗಿನ ತಣಿಗೆಬೈಲಿಗೆ ಇಳಿಸೋದು, ಅಲ್ಲಿಂದ ಸಣ್ಣ ಹಳಿಯ ಟ್ರಾಂ ಗಾಡೀಲಿ ಸಾಗಿಸೋದು. ಕಾರ್ಖಾನೆ ನಷ್ಟಕ್ಕೆ ಬಿದ್ದಾಗ ವಿಶ್ವೇಶ್ವರಯ್ಯನವರೇ ಮತ್ತೆ ಬಂದು 1923ರಿಂದ 1929ರ ತನಕ ಅಧ್ಯಕ್ಷರಾಗಿ ನಿಭಾಯಿಸಿದ್ರು.

ಅದೇ ಬೆಟ್ಟ ಮಹಾರಾಜರಿಗೂ ಬೇಕಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ತಂಗೋ ತಾಣ ಇದಾಗಿತ್ತು. ಅವರ ಹೆಸರಿಂದಲೇ ಇದನ್ನ ಕೃಷ್ಣರಾಜೇಂದ್ರ ಗಿರಿಧಾಮ ಅನ್ನೋದು. 1942ರಲ್ಲಿ ತೋಟಗಾರಿಕೆ ಇಲಾಖೆಗೆ ಸೇರಿ ಹೂದೋಟ, ಅತಿಥಿಗೃಹ ಎಲ್ಲ ಬೆಳೆದವು. ಮಹಾರಾಜರು ಅಂದ್ರೆ ರಜೆ ಅಂತ ಅಲ್ಲ, ರಾಜ್ಯದ ಕಾಗದಪತ್ರ ಹಿಂದೆಯೇ ಬರಬೇಕು. ತರೀಕೆರೆ ಕಡೆಯಿಂದ ಸುಮಾರು 35 ಕಿಲೋಮೀಟರ್ ಏರು ದಾರಿ. ಕಾಗದ ಹೊರೋನು, ಹಾಲು ಹೊರೋನು, ಪಾತ್ರೆ ಪಡಗ ಹೊರೋನು ಇದ್ರೇ ದೊರೆಗೆ ಬೆಟ್ಟ ತಂಪು. ಒಂದೇ ಬೆಟ್ಟ ನೋಡಿ, ಒಂದು ಮಗ್ಗುಲಲ್ಲಿ ಗುಲಾಬಿ ತೋಟ, ಇನ್ನೊಂದು ಮಗ್ಗುಲಲ್ಲಿ ಮೈಯೆಲ್ಲ ಕೆಂಪು ಧೂಳು ಮೆತ್ಕೊಂಡ ಗಣಿ ಕೂಲಿ.

ಸ್ವಇಚ್ಛೆಯಿಂದ ಬೆಟ್ಟ ಸೇರಿ ಅಲ್ಲೇ ಕೆಲಸ ಮಾಡಿದೋರೂ ಇದ್ದಾರೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆ ಸೇರಿ ಕಾಫಿ ಬೆಳೆದು, ಮೀನು ಹಿಡಿದು, ಪುಸ್ತಕ ಬರೆದ್ರು. ಅವರು 2007ರಲ್ಲಿ ತೀರಿಕೊಂಡರೂ, ಅವರ ಪುಸ್ತಕ ಓದಿ ನಮ್ಮ ಬೆಟ್ಟ ನೋಡೋಕೆ ಬರೋ ಹುಡುಗರು ಇವತ್ತಿಗೂ ಇದ್ದಾರೆ.

ಹತ್ತಿದೋರ ಕಥೆ ಇಷ್ಟಾಯ್ತು. ಇಳಿದೋರು? ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟೋಕೆ ಶುರುವಾಗಿದ್ದು 1947ರಲ್ಲಿ, ಮುಗಿದದ್ದು 1965ರಲ್ಲಿ. ನೀರು ನಿಂತ ಕಡೆ ಗದ್ದೆ, ಮನೆ, ದೇವರ ಗುಡಿ ಮುಳುಗಿದವು, ಜನ ಎದ್ದು ಬೇರೆ ಕಡೆ ಹೋದ್ರು. ಆ ನೀರಿಂದ ದಾವಣಗೆರೆ ಕಡೆಯ ಭತ್ತ ಬೆಳೀತು, ಅದೂ ನಿಜ. 1998ರಲ್ಲಿ ಭದ್ರಾ ಅಭಯಾರಣ್ಯ ಹುಲಿ ಯೋಜನೆಗೆ ಸೇರಿತು. ಕಾಡೊಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಸಂಸಾರಗಳು 2001, 2002ರ ಹೊತ್ತಿಗೆ ಹೊರಗೆ ಬಂದವು. ಹೆಚ್ಚಿನೋರು ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ, ಉಳಿದೋರು ಕೆಳಗೂರಿಗೆ. ಜಮೀನು ಕೊಟ್ಟು, ಶಾಲೆ ಕರೆಂಟು ಕೊಟ್ಟು ಮಾಡಿದ ಪುನರ್ವಸತಿ ಅಂತ ದೇಶದಲ್ಲಿ ಇದನ್ನ ಮಾದರಿ ಅಂತ ಹೇಳ್ತಾರೆ. ಮಕ್ಕಳ ಓದಿಗೆ, ಆಸ್ಪತ್ರೆಗೆ ಅನುಕೂಲ ಆಯ್ತು ಅನ್ನೋದು ಸುಳ್ಳಲ್ಲ. ಕಾಡಿಗೆ ಒಳ್ಳೇದಾದ್ರೆ ನಮ್ಮ ಕೆರೆಗಳಿಗೂ ಒಳ್ಳೇದು. ಆದ್ರೂ ಒಂದು ಮಾತು ಮನಸ್ಸಲ್ಲಿ ಕೊರೀತದೆ. ಹುಟ್ಟಿ ಬೆಳೆದೋರು ಕಾಡಿಗೋಸ್ಕರ ಇಳಿದು ಬಂದ ಮೇಲೆ, ನೋಡೋಕೆ ಬರೋರು ಕಾಡಿನ ಅಂಚಲ್ಲಿ ರಾತ್ರಿ ಹನ್ನೆರಡರ ತನಕ ಸ್ಪೀಕರ್ ಹಾಕಿ ಕುಣಿದ್ರೆ ಹೇಗೆ? ಅವರು ಬಿಟ್ಟುಕೊಟ್ಟದ್ದು ಇದಕ್ಕಾ?

ಇಷ್ಟೆಲ್ಲ ಯಾಕೆ ಜೋಡಿಸಿದೆ ಅಂದ್ರೆ, ಬೆಟ್ಟದ ಬುಡದ ನಮ್ಮ ಹಳೇ ಮನೆಯನ್ನ ಹೋಂಸ್ಟೇ ಮಾಡಬೇಕು ಅಂತ ನಮ್ಮ ಮೈದುನ ಹೊರಟಿದ್ದಾನೆ. "ಅತ್ತಿಗೆ, ಅಡಿಕೆ ರೇಟು ಇವತ್ತಿದ್ದಂಗೆ ನಾಳೆ ಇರಲ್ಲ. ಮೂರು ರೂಮು, ಒಂದು ಇನ್ವರ್ಟರ್, ಒಂದು ಇಂಟರ್‌ನೆಟ್ ಲೈನು ಹಾಕಿದ್ರೆ ತಿಂಗಳುಗಟ್ಟಲೆ ಇರೋ ಗಿರಾಕಿ ಬರ್ತಾರೆ" ಅಂದ. ನಾನು ಬೇಡ ಅನ್ನಲಿಲ್ಲ. ಮನೆ ಬೀಗ ಹಾಕಿ ಗೆದ್ದಲು ತಿನ್ನೋಕಿಂತ ಜನ ಓಡಾಡೋದು ಮೇಲು. "ಅಡಿಗೆ ಯಾರು ಮಾಡೋದು?" ಅಂತ ಒಂದೇ ಕೇಳಿದೆ. "ಅದಕ್ಕೇನು, ಮನೆ ಊಟ ಅಂತಲೇ ಬೋರ್ಡು ಹಾಕೋದು. ಅವಳು ಇದ್ದಾಳಲ್ಲ" ಅಂದ. ಅವಳು ಅಂದ್ರೆ ನನ್ನ ವಾರಗಿತ್ತಿ. ಅವಳು ಅಲ್ಲೇ ಬಾಗಿಲಲ್ಲಿ ನಿಂತಿದ್ದಳು, ಏನೂ ಅನ್ನಲಿಲ್ಲ.

ಕಾವಲಿಗೆ ಬುತ್ತಿ ಕಟ್ಟಿದೋಳಿಗೆ, ಲೈನ್ ಮನೇಲಿ ಒಲೆ ಹಚ್ಚಿದೋಳಿಗೆ ಮುನ್ನೂರು ವರ್ಷ ಆಗಿದ್ದೂ ಇದೇ. ಬೆಳಿಗ್ಗೆ ಆರಕ್ಕೆ ಕಾಫಿ, ಎಂಟಕ್ಕೆ ಅಕ್ಕಿರೊಟ್ಟಿ, ಅವರ ಮೀಟಿಂಗ್ ಮುಗಿದ ಮೇಲೆ ಮೂರು ಗಂಟೆಗೆ ಊಟ, ರಾತ್ರಿ ಅವರು ಕರೆದಾಗ ಊಟ. ದುಡಿಮೆಗೆ ಹೆಸರು "ಮನೆ ಊಟ", ದುಡ್ಡು ಮನೆ ಯಜಮಾನನ ಖಾತೆಗೆ. ಹಾಗಾಗಿ ನಾನು ಮೈದುನನಿಗೆ ಮೂರು ಮಾತು ಹೇಳಿದೆ. ಒಂದು, ವಾರಗಿತ್ತಿ ಹೆಸರಲ್ಲಿ ಬ್ಯಾಂಕ್ ಖಾತೆ, ಅಡಿಗೆ ಬಾಬ್ತು ತಲೆಗೆ ಇಷ್ಟು ಅಂತ ಅದಕ್ಕೇ ಬೀಳಬೇಕು, ಪಾತ್ರೆ ತೊಳೆಯೋಕೆ ಬರೋಳಿಗೆ ವಾರಕ್ಕೊಂದು ರಜ. ಎರಡು, ಹಿಂದಿನ ಹಳ್ಳದ ನೀರಿಗೆ ಪೈಪು ಹಾಕಿ ಈಜುಕೊಳ ಗೀಜುಕೊಳ ಅಂತ ಮಾಡೋ ಹಾಗಿಲ್ಲ, ಆ ನೀರು ಕೆಳಗಿನೋರ ಕೆರೇದು. ಮೂರು, ಕತ್ತಲಾದ ಮೇಲೆ ಮೈಕು, ಸ್ಪೀಕರು ಬೇಡ.

"ಇಷ್ಟೆಲ್ಲ ಕಂಡೀಶನ್ ಹಾಕಿದ್ರೆ ಲಾಭ ಎಲ್ಲಿ ಅತ್ತಿಗೆ?" ಅಂದ. ಲೆಕ್ಕ ಬರೆದು ಕೊಡು ಅಂದಿದ್ದೀನಿ. ವಾರಗಿತ್ತಿ ಮಾತ್ರ ಮಾರನೇ ದಿನ ಫೋನ್ ಮಾಡಿ, ಖಾತೆ ತೆಗೆಯೋಕೆ ಆಧಾರ್ ಜೊತೆ ಇನ್ನೇನೇನು ಬೇಕು ಅಕ್ಕಾ ಅಂತ ಕೇಳಿದ್ಲು. ಎರಡು ಫೋಟೋ ತಗೊಂಡು ಸೋಮವಾರ ತರೀಕೆರೆಗೆ ಬಾ, ನಾನೇ ಜೊತೆಗೆ ಬರ್ತೀನಿ ಅಂದೆ.